ಬೆನ್ನೆಲುಬಿನೊಳಗಣ ಲೋಹ ಮತ್ತು ಅದರೊಡನೆ ಬರುವ ಮಾತು



ಅಸತ್ಯದ ದಾರಿಯಲ್ಲಿ ಬಂದ ವಸ್ತುವೊಂದು ಮುಂದೆ ಒಳ್ಳೆಯದೆಂದು ಸಿದ್ಧವಾದರೆ, ಬಂದ ದಾರಿಯ ಅಸತ್ಯವು ಕ್ಷಮ್ಯವಾಗುವುದೇ? ಪ್ರಶ್ನೆ ಹಳೆಯದು. ರಾಜನೀತಿಯ ಸಂದರ್ಭದಲ್ಲಿಯೂ ವ್ಯಾಪಾರದ ಸಂದರ್ಭದಲ್ಲಿಯೂ ಹಿರಿಯರು ಇದನ್ನು ಹಲವು ಬಗೆಯಾಗಿ ಚರ್ಚಿಸಿದ್ದಾರೆ. ಪ್ರಸ್ತುತ ಲೇಖನದಲ್ಲಿ ಇದನ್ನು ಒಂದು ಬೇರೆಯೇ ಸಂದರ್ಭದಲ್ಲಿಟ್ಟು ನೋಡುವ ಪ್ರಯತ್ನವನ್ನು ಮಾಡಲಾಗಿದೆ. ಅದು ಶಸ್ತ್ರವೈದ್ಯರು ರೋಗಿಯ ಬೆನ್ನೆಲುಬಿನಲ್ಲಿ ಕೂರಿಸುವ ಲೋಹದ ತಿರುಪುಮೊಳೆ ಮತ್ತು ಸರಳುಗಳ ಸಂದರ್ಭ. ಈ ಚಿಕಿತ್ಸೆ ಇಂದು ನಮ್ಮ ನಾಡಿನ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಆದುದರಿಂದ ಈ ವಿಚಾರ ನಮಗೆ ದೂರದ್ದೆಂದು ತಾವು ಭಾವಿಸಬೇಕಾಗಿಲ್ಲ.

ಗುಳಿಗೆಯೊಂದು ಒಗ್ಗದಿದ್ದರೆ ನಾಳೆಯಿಂದ ಅದನ್ನು ನಿಲ್ಲಿಸಬಹುದು. ಕನ್ನಡಕ ಹೊಂದದಿದ್ದರೆ ತೆಗೆದಿಡಬಹುದು. ಬೆನ್ನೆಲುಬಿನೊಳಗೆ ಸೇರಿದ ಲೋಹವನ್ನು ಹಾಗೆ ತೆಗೆದಿಡಲು ಬಾರದು. ಅದನ್ನು ಹೊರತೆಗೆಯಬೇಕಾದರೆ ಮತ್ತೊಂದು ಶಸ್ತ್ರಚಿಕಿತ್ಸೆಯೇ ಆಗಬೇಕು, ಮತ್ತು ಎರಡನೆಯ ಶಸ್ತ್ರಚಿಕಿತ್ಸೆಯು ಸಾಮಾನ್ಯವಾಗಿ ಮೊದಲನೆಯದಕ್ಕಿಂತ ಕಠಿನವಾಗಿರುತ್ತದೆ. ರೋಗಿಯು ಆ ಲೋಹವನ್ನು ಕಣ್ಣಾರೆ ಕಂಡಿರುವುದಿಲ್ಲ. ಅದನ್ನು ತಯಾರಿಸಿದವರು ಯಾರೆಂದು ಅರಿಯನು. ಮಂಪರು ಬರಿಸಿದ ಸ್ಥಿತಿಯಲ್ಲಿ ಅದು ಅವನ ಶರೀರವನ್ನು ಸೇರುತ್ತದೆ. ಹೀಗಿರುವಲ್ಲಿ ಅವನಿಗೆ ಆಧಾರವಾಗಿರುವುದು ಒಂದೇ ಒಂದು: ಆ ಲೋಹದೊಡನೆ ಬಂದ ಮಾತು. ತಯಾರಕನು ಪರವಾನಗಿ ಕೊಡುವ ಸಂಸ್ಥೆಗೆ ಹೇಳಿದ ಮಾತು, ಆ ಸಂಸ್ಥೆಯು ವೈದ್ಯರಿಗೆ ಹೇಳಿದ ಮಾತು, ವೈದ್ಯರು ರೋಗಿಗೆ ಹೇಳಿದ ಮಾತು. ಈ ಸರಪಳಿಯ ಒಂದು ಕೊಂಡಿ ಸಡಿಲವಾದರೂ ಕೊನೆಯಲ್ಲಿರುವವನು ಕುರುಡು ನಂಬಿಕೆಯಿಂದ ಮಲಗಿದಂತಾಗುತ್ತದೆ.

ಮೊದಲಿಗೆ ಈ ಸಾಧನದ ಸ್ವರೂಪವನ್ನು ಸ್ವಲ್ಪ ತಿಳಿಯೋಣ. ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿದ್ದ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು, ಪೋಲಿಯೋ ರೋಗದಿಂದ ಬೆನ್ನು ಡೊಂಕಾದ ಮಕ್ಕಳ ಕಷ್ಟವನ್ನು ಕಂಡು, ಲೋಹದ ಸರಳು ಮತ್ತು ಕೊಕ್ಕೆಗಳಿಂದ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ವಿಧಾನವನ್ನು ರೂಪಿಸಿದರು. 1962ರಲ್ಲಿ ತಮ್ಮ ಅನುಭವವನ್ನು ವೈದ್ಯಲೋಕದ ಮುಂದಿಟ್ಟರು. ಸುಮಾರು ಅದೇ ಕಾಲದಲ್ಲಿ ಫ್ರಾನ್ಸಿನ ರಾಯ್-ಕಾಮಿಲ್ ಎಂಬ ವೈದ್ಯರು ಬೆನ್ನೆಲುಬಿನ ಮಣಿಗಳಿಗೆ ಹಿಂದಿನಿಂದ ತಿರುಪುಮೊಳೆಯನ್ನು ಹಾಕುವ ಕ್ರಮವನ್ನು ಬಳಕೆಗೆ ತಂದರು. ಪ್ರತಿಯೊಂದು ಮಣಿಯ ಮುಂಭಾಗದ ದಪ್ಪ ದಿಂಡಿಗೂ ಹಿಂಭಾಗದ ಕಮಾನಿಗೂ ನಡುವೆ ಎಡಬಲಗಳಲ್ಲಿ ಎರಡು ಕಿರಿದಾದ ಎಲುಬಿನ ಸೇತುವೆಗಳಿವೆ. ವೈದ್ಯರು ಇದನ್ನು ಪೆಡಿಕಲ್ ಎನ್ನುತ್ತಾರೆ. ತಿರುಪುಮೊಳೆ ಈ ಸೇತುವೆಯ ಮೂಲಕ ಒಳಗೆ ಸಾಗಿ ದಿಂಡಿನಲ್ಲಿ ಕಚ್ಚಿಕೊಳ್ಳುತ್ತದೆ. ಮೇಲಿನ ಮಣಿಯ ಮೊಳೆಯನ್ನೂ ಕೆಳಗಿನ ಮಣಿಯ ಮೊಳೆಯನ್ನೂ ಪಟ್ಟಿ ಅಥವಾ ಸರಳಿನಿಂದ ಬಂಧಿಸಿದರೆ ಎರಡು ಮಣಿಗಳೂ ಅಲುಗಾಡದೆ ನಿಲ್ಲುತ್ತವೆ. ಆಗ ನಡುವೆ ಇಟ್ಟ ಎಲುಬಿನ ಚೂರುಗಳು ಬೆಳೆದು ಅವೆರಡನ್ನೂ ಒಂದಾಗಿ ಬೆಸೆಯುತ್ತವೆ.

ಈ ಸೇತುವೆಯ ಒಳಮಗ್ಗುಲಲ್ಲಿಯೇ ನರಗಳ ನಾಳವಿದೆ, ಕೆಳಮಗ್ಗುಲಲ್ಲಿ ಕಾಲಿಗೆ ಹೋಗುವ ನರದ ಬೇರು ಇದೆ. ಕೆಲವೇ ಮಿಲಿಮೀಟರುಗಳಷ್ಟು ದಾರಿ ತಪ್ಪಿದರೂ ಮೊಳೆ ನರವನ್ನು ತಾಕಬಹುದು. ಮತ್ತೊಂದು ಅಪಾಯವೂ ಉಂಟು. ಲೋಹವನ್ನು ಮತ್ತೆ ಮತ್ತೆ ಬಾಗಿಸಿದರೆ ಅದು ದಣಿದು ಮುರಿಯುತ್ತದೆಂಬುದು ಕಮ್ಮಾರನೂ ಬಲ್ಲ ಸಂಗತಿ. ಮನುಷ್ಯನು ಪ್ರತಿದಿನ ಸಾವಿರಾರು ಸಲ ಬಾಗಿ ಏಳುತ್ತಾನೆ. ಎಲುಬು ಬೆಸೆದುಕೊಳ್ಳುವವರೆಗೆ ಮಾತ್ರ ಲೋಹವು ಭಾರವನ್ನು ಹೊರಬೇಕೆಂಬುದು ಈ ಚಿಕಿತ್ಸೆಯ ತತ್ತ್ವ. ಎಲುಬು ಬೆಸೆಯದೆ ಹೋದರೆ ಎಂದಾದರೊಂದು ದಿನ ಲೋಹ ಸಡಿಲಬಹುದು ಅಥವಾ ಮುರಿಯಬಹುದು. ಮೊಳೆ ಮುರಿಯಿತೆಂದ ಮಾತ್ರಕ್ಕೆ ಅದನ್ನು ಮಾಡಿದವನು ತಪ್ಪಿತಸ್ಥನೆಂದು ಹೇಳಲಾಗದು. ಆದರೆ ಹೀಗಾಗುವ ಸಂಭವವಿದೆಯೆಂಬುದನ್ನು ಮೊದಲೇ ತಿಳಿಯುವ ಹಕ್ಕು ರೋಗಿಗೆ ಉಂಟೆಂಬುದು ನಿರ್ವಿವಾದ.

ಇನ್ನು ಕಾಯಿದೆಯ ವಿಚಾರ. ಶರೀರದೊಳಗೆ ಇಡುವ ಸಾಧನಗಳನ್ನು ಮಾರಾಟಕ್ಕೆ ಮುಂಚೆ ಪರೀಕ್ಷಿಸಬೇಕೆಂಬ ಕಾಯಿದೆಯನ್ನು ಅಮೆರಿಕಾ ಸಂಯುಕ್ತ ಸಂಸ್ಥಾನವು 1976ರಲ್ಲಿ ಮಾಡಿತು. ಇದನ್ನು ನಡೆಸುವ ಹೊಣೆ ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯದು. ಆ ಕಾಯಿದೆಯಲ್ಲಿ ಎರಡು ಮುಖ್ಯ ದಾರಿಗಳಿವೆ. ಹೆಚ್ಚಿನ ಅಪಾಯವುಳ್ಳ ಹೊಸ ಸಾಧನವಾದರೆ ಅದು ಸುರಕ್ಷಿತವೂ ಫಲಕಾರಿಯೂ ಆಗಿದೆಯೆಂದು ಪ್ರಯೋಗಗಳಿಂದ ತೋರಿಸಿಕೊಡಬೇಕು. ಈಗಾಗಲೇ ಮಾರುಕಟ್ಟೆಯಲ್ಲಿರುವ ಸಾಧನಕ್ಕೆ ಸಾರತಃ ಸಮಾನವೆಂದು ತೋರಿಸಿದರೆ ಅಷ್ಟು ಕಠಿನ ಪರೀಕ್ಷೆ ಬೇಕಾಗಿಲ್ಲ. ಈ ಎರಡು ದಾರಿಗಳ ಅಂತರವನ್ನು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವೇ 1996ರ ಒಂದು ತೀರ್ಪಿನಲ್ಲಿ ಎತ್ತಿ ತೋರಿಸಿದೆ. ಮೊದಲನೆಯ ದಾರಿಯಲ್ಲಿ ಒಂದು ಅರ್ಜಿಯ ಪರಿಶೀಲನೆಗೆ ಸರಾಸರಿ 1,200 ಗಂಟೆಗಳು, ಎರಡನೆಯದರಲ್ಲಿ 20 ಗಂಟೆಗಳು! ಯಾವ ವ್ಯಾಪಾರಿಗೆ ಎರಡನೆಯ ದಾರಿ ಪ್ರಿಯವಾಗದು?

ಕ್ಲೀವ್‌ಲ್ಯಾಂಡ್ ನಗರದ ಅಕ್ರೊಮೆಡ್ ಎಂಬ ಸಂಸ್ಥೆಯು 1984ರಲ್ಲಿ, ಬೆನ್ನೆಲುಬಿನ ಶಸ್ತ್ರಚಿಕಿತ್ಸೆಗಾಗಿಯೇ ಎಂದು ಸ್ಪಷ್ಟವಾಗಿ ಹೇಳಿ, ತನ್ನ ಮೊಳೆ ಪಟ್ಟಿಗಳಿಗೆ ಎರಡನೆಯ ದಾರಿಯಲ್ಲಿ ಅನುಮತಿ ಕೇಳಿತು. ಇದಕ್ಕೆ ಸಮಾನವಾದ ಹಳೆಯ ಸಾಧನವಿಲ್ಲವೆಂದು ಆಡಳಿತ ಸಂಸ್ಥೆಯು ನಿರಾಕರಿಸಿತು. 1985ರ ಸೆಪ್ಟೆಂಬರಿನಲ್ಲಿ, ಇಂಥ ಅರ್ಜಿಗಳ ವಿಷಯದಲ್ಲಿ ಸಲಹೆ ಕೊಡುವ ಬಕ್‌ಮನ್ ಎಂಬ ಕಂಪನಿಯ ನೆರವಿನಿಂದ, ಎರಡನೆಯ ಅರ್ಜಿ ಹೋಯಿತು. ಬೆನ್ನೆಲುಬಿಗೆ ಬಳಸುವ ಇತರ ಸಾಧನಗಳಲ್ಲಿಲ್ಲದ ಅಪಾಯಗಳು ಇದರಲ್ಲಿ ಇರಬಹುದೆಂದು ಅದನ್ನೂ ತಿರಸ್ಕರಿಸಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೂರನೆಯ ಪ್ರಯತ್ನ. ಈ ಸಲ ಸಾಧನವನ್ನು ಎರಡು ಭಾಗ ಮಾಡಿ, ಪಟ್ಟಿಗೆ ಒಂದು ಹೆಸರು, ಮೊಳೆಗೆ ಒಂದು ಹೆಸರು ಇಟ್ಟು, ಪ್ರತ್ಯೇಕ ಅರ್ಜಿಗಳನ್ನು ಸಲ್ಲಿಸಲಾಯಿತು. ಉಪಯೋಗದ ಸ್ಥಾನದಲ್ಲಿ ಬೆನ್ನೆಲುಬಿನ ಮಾತು ಹೋಗಿ ತೋಳು ಕಾಲುಗಳ ಉದ್ದನೆಯ ಎಲುಬುಗಳ ಮಾತು ಬಂದಿತು. 1986ರ ಫೆಬ್ರವರಿಯಲ್ಲಿ ಅನುಮತಿ ದೊರೆಯಿತು. ಮುಂದೆ ಆ ಮೊಳೆಗಳು ರೋಗಿಗಳ ಬೆನ್ನೆಲುಬನ್ನೇ ಸೇರಿದವು.

1990ರ ದಶಕದಲ್ಲಿ ನೋವು ತಗ್ಗದ, ಮೊಳೆ ಮುರಿದ, ನರಗಳಿಗೆ ಹಾನಿಯಾಯಿತೆಂದು ಹೇಳಿದ ರೋಗಿಗಳು ಇಂಥ ಮೊಳೆಗಳ ತಯಾರಕರ ಮೇಲೆ ದಾವೆಗಳನ್ನು ಹೂಡಿದರು. ಇಂಥ ಸುಮಾರು 2,300 ಮೊಕದ್ದಮೆಗಳು ಫಿಲಡೆಲ್ಫಿಯಾದ ನ್ಯಾಯಾಲಯದಲ್ಲಿ ಒಟ್ಟುಗೂಡಿದವು. ಅಕ್ರೊಮೆಡ್ ಸಂಸ್ಥೆಯು 1996ರ ಕೊನೆಯಲ್ಲಿ ಸುಮಾರು 10 ಕೋಟಿ ಡಾಲರುಗಳ ರಾಜಿಗೆ ಒಪ್ಪಿತು. ಉಳಿದ ಪ್ರಶ್ನೆಗಳಲ್ಲಿ ಒಂದು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆಡಳಿತ ಸಂಸ್ಥೆಗೆ ಉದ್ದೇಶದ ವಿಷಯದಲ್ಲಿ ಸುಳ್ಳು ಹೇಳಿ ಅನುಮತಿ ಪಡೆಯಲಾಯಿತು, ಆ ಸುಳ್ಳಿಲ್ಲದಿದ್ದರೆ ಮೊಳೆ ಮಾರುಕಟ್ಟೆಗೆ ಬರುತ್ತಿರಲಿಲ್ಲ, ಬರದಿದ್ದರೆ ನಮಗೆ ಹಾನಿಯಾಗುತ್ತಿರಲಿಲ್ಲ ಎಂಬುದು ರೋಗಿಗಳ ವಾದ. 2001ರ ಫೆಬ್ರವರಿ 21ರಂದು ನ್ಯಾಯಾಲಯವು ತೀರ್ಪು ನೀಡಿತು. ಆಡಳಿತ ಸಂಸ್ಥೆಗೆ ವಂಚನೆಯಾಗಿದ್ದರೆ ಅದನ್ನು ವಿಚಾರಿಸಿ ದಂಡಿಸುವ ಅಧಿಕಾರ ಆ ಸಂಸ್ಥೆಗೇ ಇದೆ, ರೋಗಿಗಳು ರಾಜ್ಯಗಳ ಕಾಯಿದೆಯ ಆಧಾರದಿಂದ ಆ ಕಾರಣಕ್ಕೆ ದಾವೆ ಹೂಡಲು ಬಾರದು ಎಂದು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟ್ ಅವರು ಬರೆದರು. ಅನುಮತಿ ಪಡೆದ ಸಾಧನವನ್ನು ಬೇರೆ ಉಪಯೋಗಕ್ಕೆ ಬಳಸುವುದು ವೈದ್ಯವೃತ್ತಿಯಲ್ಲಿ ಒಪ್ಪಿತವಾದ ಕ್ರಮವೆಂದೂ, ಆಡಳಿತ ಸಂಸ್ಥೆಯು ವೈದ್ಯರ ಕೈಯನ್ನು ಕಟ್ಟುವಂತಿಲ್ಲವೆಂದೂ ತೀರ್ಪಿನಲ್ಲಿ ಹೇಳಲಾಯಿತು. ಫಲಿತಾಂಶವನ್ನು ಒಪ್ಪಿದರೂ ನ್ಯಾಯಮೂರ್ತಿ ಸ್ಟೀವನ್ಸ್ ಅವರು ಪ್ರತ್ಯೇಕವಾಗಿ ಬರೆದು, ಈ ತರ್ಕದಂತೆ ನಡೆದರೆ ಆಡಳಿತಕ್ಕೆ ಯಾವ ತೊಡಕೂ ಆಗದ ಸಂದರ್ಭದಲ್ಲಿಯೂ ವಂಚನೆಯಿಂದ ನೊಂದವನಿಗೆ ಪರಿಹಾರವೇ ಇಲ್ಲದಂತಾಗುವುದೆಂದು ಎಚ್ಚರಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ತಾವು ಗಮನಿಸಬೇಕು. ವಂಚನೆ ನಡೆಯಿತೇ ಇಲ್ಲವೇ ಎಂಬುದನ್ನು ಆ ನ್ಯಾಯಾಲಯವು ನಿರ್ಣಯಿಸಲಿಲ್ಲ. ಅದನ್ನು ಕೇಳುವ ಅಧಿಕಾರ ಯಾರಿಗೆಂಬುದನ್ನು ಮಾತ್ರ ನಿರ್ಣಯಿಸಿತು. ಸಾಧನವನ್ನು ಕೆಟ್ಟದಾಗಿ ರಚಿಸಲಾಗಿದೆ ಎಂಬಂಥ ದಾವೆಗಳಿಗೆ, ಎರಡನೆಯ ದಾರಿಯಲ್ಲಿ ಬಂದ ಸಾಧನಗಳ ಮಟ್ಟಿಗೆ, ಬಾಗಿಲು ತೆರೆದೇ ಇತ್ತು. ಆದ್ದರಿಂದ ಯಾರನ್ನೂ ಅಪರಾಧಿಯೆಂದು ಕರೆಯುವ ಅಧಿಕಾರ ನಮಗಿಲ್ಲ. ಆರೋಪವು ನಿಜವೆಂದು ಇಟ್ಟುಕೊಂಡರೆ ಅದರ ನೈತಿಕ ತೂಕವೆಷ್ಟು ಎಂಬುದಷ್ಟೇ ನಮ್ಮ ವಿಚಾರ.

ಕಥೆಯ ಉತ್ತರಾರ್ಧವು ಈ ವಿಚಾರವನ್ನು ಇನ್ನೂ ಕಠಿನಗೊಳಿಸುತ್ತದೆ. ವಿವಾದವೆದ್ದ ಬಳಿಕ ವೈದ್ಯರ ಸಂಘಗಳು ಹಿಂದಿನ ದಾಖಲೆಗಳನ್ನು ಕಲೆಹಾಕಿದವು. 314 ಶಸ್ತ್ರವೈದ್ಯರು 3,498 ರೋಗಿಗಳ ವಿವರಗಳನ್ನು ಒದಗಿಸಿದರು. 1994ರಲ್ಲಿ ಅದರ ಫಲ ಪ್ರಕಟವಾಯಿತು. ಮೊಳೆ ಹಾಕಿದವರಲ್ಲಿ ಎಲುಬು ಬೆಸೆದ ಪ್ರಮಾಣ ಹೆಚ್ಚೆಂದು ಕಂಡುಬಂದಿತು. 1998ರ ಜುಲೈಯಲ್ಲಿ ಆಡಳಿತ ಸಂಸ್ಥೆಯು, ಮಣಿ ಮುರಿದಾಗ, ಜಾರಿದಾಗ, ಬೆನ್ನು ವಿಕಾರಗೊಂಡಾಗ ಮೊದಲಾದ ಸಂದರ್ಭಗಳಲ್ಲಿ ಈ ಮೊಳೆಗಳ ಬಳಕೆಯನ್ನು ಮಧ್ಯಮ ಅಪಾಯದ ವರ್ಗಕ್ಕೆ ಸೇರಿಸಿತು. ಇಂದು ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ನಡೆಯುವ ಕಡೆಗಳಲ್ಲೆಲ್ಲ ಇವು ಬಳಕೆಯಲ್ಲಿವೆ. ಅಪಘಾತದಲ್ಲಿ ಬೆನ್ನು ಮುರಿದವರು ಎದ್ದು ಕೂಡುವುದಕ್ಕೆ, ಗೂನುಬೆನ್ನಿನ ಮಕ್ಕಳು ನೆಟ್ಟಗೆ ನಿಲ್ಲುವುದಕ್ಕೆ ಇವು ನೆರವಾಗಿವೆ. ಹಾಗಾದರೆ, ಅಂದು ಅಡ್ಡದಾರಿಯಿಂದ ಬಂದದ್ದೇ ಒಳ್ಳೆಯದಾಯಿತಲ್ಲವೇ? ನೇರದಾರಿಯನ್ನು ಹಿಡಿದಿದ್ದರೆ ಎಷ್ಟೋ ಜನರಿಗೆ ಈ ಉಪಕಾರ ತಡವಾಗುತ್ತಿತ್ತಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ನೋವಿನಿಂದ ನರಳುವವನಿಗೆ ಕಾಲವಿಳಂಬವೂ ಒಂದು ಹಿಂಸೆಯೇ.

ಆದರೂ ಮೂರು ಕಾರಣಗಳಿಂದ ಈ ಸಮರ್ಥನೆ ನಿಲ್ಲದೆಂದು ನಮಗೆ ತೋರುತ್ತದೆ.

ಮೊದಲನೆಯದಾಗಿ, ಕರ್ಮದ ಸಾಧುತ್ವವನ್ನು ಅಳೆಯಬೇಕಾದುದು ಕರ್ಮದ ಕಾಲದಲ್ಲಿ ಇದ್ದ ಅರಿವಿನಿಂದ. 1987ರಲ್ಲಿ ಮೇಜಿನ ಮೇಲೆ ಮಲಗಿದ ರೋಗಿಗೆ 1994ರ ಅಂಕಿಗಳು ತಿಳಿದಿರಲಿಲ್ಲ, ವೈದ್ಯರಿಗೂ ತಿಳಿದಿರಲಿಲ್ಲ. ಅಂದು ಇದ್ದ ನಿಜ ಸ್ಥಿತಿಯೆಂದರೆ, ಬೆನ್ನೆಲುಬಿನಲ್ಲಿ ಇದರ ಬಳಕೆಗೆ ಪರೀಕ್ಷಕರು ಎರಡು ಸಲ ಅನುಮತಿ ನಿರಾಕರಿಸಿದ್ದರು ಎಂಬುದು. ಆ ಸ್ಥಿತಿಯನ್ನು ಅರಿತು ಒಪ್ಪಿದವನು ಧೀರನು. ಅದನ್ನು ಅರಿಯದೆ ಒಪ್ಪಿದವನ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಕಣ್ಣು ಕಟ್ಟಿಸಿಕೊಂಡು ಹೊಳೆ ದಾಟಿಸಲ್ಪಟ್ಟವನು ದಡ ಸೇರಿದನೆಂದ ಮಾತ್ರಕ್ಕೆ, ದೋಣಿ ತೂತಾಗಿದ್ದಿರಬಹುದೆಂಬ ಸಂಗತಿಯನ್ನು ಬಚ್ಚಿಟ್ಟದ್ದು ಸರಿಯಾಗುವುದಿಲ್ಲ.

ಎರಡನೆಯದಾಗಿ, ಒಂದು ವಸ್ತುವಿಗೆ ಸುಳ್ಳು ಹೆಸರಿಟ್ಟರೆ ಅದರ ಫಲಾಫಲಗಳ ಲೆಕ್ಕವೂ ತಪ್ಪುತ್ತದೆ. ತೋಳು ಕಾಲಿನ ಮೊಳೆಯೆಂಬ ಹೆಸರಿನಲ್ಲಿ ಬಂದುದರ ಹೊದಿಕೆಯ ಮೇಲೆ ಬೆನ್ನಿನ ಅಪಾಯಗಳನ್ನು ಬರೆಯಲು ಸ್ಥಳವಿಲ್ಲ. ಬೆನ್ನಿನ ಯಾವ ರೋಗಕ್ಕೆ ಇದು ಹಿತ, ಯಾವುದಕ್ಕೆ ಅಹಿತ ಎಂದು ವಿಂಗಡಿಸಿ ನೋಡುವ ಹೊಣೆಯೂ ಯಾರ ಮೇಲೂ ಬೀಳುವುದಿಲ್ಲ. ಈ ವಿಂಗಡಣೆ ಎಷ್ಟು ಮುಖ್ಯವೆಂಬುದನ್ನು ಮುಂದಿನ ಸಂಶೋಧನೆಗಳು ತೋರಿಸಿದವು. ಡೆನ್ಮಾರ್ಕಿನಲ್ಲಿ 130 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊಳೆ ಹಾಕಿ, ಇನ್ನೊಂದಕ್ಕೆ ಹಾಕದೆ ಎಲುಬು ಬೆಸೆಯುವ ಚಿಕಿತ್ಸೆ ಮಾಡಿ ನೋಡಿದರು. 1997ರಲ್ಲಿ ಪ್ರಕಟವಾದ ಫಲದಂತೆ, ದೀರ್ಘಕಾಲದ ಸೊಂಟನೋವಿನ ಆ ರೋಗಿಗಳ ದೈನಂದಿನ ಚಟುವಟಿಕೆಯಲ್ಲಿ ಎರಡು ಗುಂಪುಗಳಿಗೂ ಒಟ್ಟಾರೆ ಹೇಳಿಕೊಳ್ಳುವ ಅಂತರವಿರಲಿಲ್ಲ. 2002ರಲ್ಲಿ ಸ್ವೀಡನ್ ದೇಶದ ಸಂಶೋಧಕರೂ ಬೆಸೆಯುವ ಮೂರು ವಿಧಾನಗಳನ್ನು ಹೋಲಿಸಿ, ಫಲದಲ್ಲಿ ಭೇದವಿಲ್ಲ, ವಿಧಾನ ಜಟಿಲವಾದಷ್ಟೂ ತೊಡಕುಗಳು ಹೆಚ್ಚೆಂದು ಕಂಡರು. ಎಲುಬು ಬೆಸೆಯುವುದು ಒಂದು, ನೋವು ಹೋಗುವುದು ಮತ್ತೊಂದು. ಆಡಳಿತ ಸಂಸ್ಥೆಯು ಸಹ 1998ರಲ್ಲಿ, ಮಣಿಗಳ ನಡುವಣ ಬಿಲ್ಲೆ ಸವೆದು ಬರುವ ನೋವಿಗೆ ಇದನ್ನು ಬಳಸುವುದನ್ನು ಹೆಚ್ಚಿನ ಅಪಾಯದ ವರ್ಗದಲ್ಲಿಯೇ ಉಳಿಸಿ, 2016ರ ಕೊನೆಯಲ್ಲಿ ವಿಶೇಷ ನಿಯಮಗಳಿಗೆ ಒಳಪಡಿಸಿ ಕೆಳಗಿಳಿಸಿತು. ಆದುದರಿಂದ ‘ಮೊಳೆ ಒಳ್ಳೆಯದೆಂದು ಸಿದ್ಧವಾಯಿತು’ ಎಂಬ ಮಾತೇ ಅರೆಸತ್ಯ. ಕೆಲವರಿಗೆ ಕೆಲವು ರೋಗಗಳಲ್ಲಿ ಒಳ್ಳೆಯದೆಂದು ಸಿದ್ಧವಾಯಿತು. ಉಳಿದವರು ಯಾವ ಫಲವೂ ಇಲ್ಲದೆ ಅಪಾಯವನ್ನು ಮಾತ್ರ ಹೊತ್ತರು.

ಮೂರನೆಯದಾಗಿ, ‘ಎಲ್ಲರಿಗೂ ಗೊತ್ತಿತ್ತು’ ಎಂಬ ವಾದ. ಮೊಳೆಗಳು ಬೆನ್ನಿಗೆ ಹೋಗುತ್ತಿದ್ದವೆಂಬುದು ತಯಾರಕರಿಗೂ ವೈದ್ಯರಿಗೂ ಪರೀಕ್ಷಕರಿಗೂ ಗುಟ್ಟಾಗಿರಲಿಲ್ಲ, ಆದ್ದರಿಂದ ಯಾರಿಗೂ ಮೋಸವಾಗಲಿಲ್ಲ ಎನ್ನುವವರುಂಟು. ಇದರಲ್ಲಿ ಸ್ವಲ್ಪ ಸತ್ಯಾಂಶವಿದ್ದರೂ ಇರಬಹುದು. ಆದರೆ ‘ಎಲ್ಲರಿಗೂ’ ಎಂಬ ಪದದೊಳಗೆ ಒಬ್ಬನು ಮಾತ್ರ ಸೇರಿಲ್ಲ. ಯಾರ ಬೆನ್ನಿನಲ್ಲಿ ಮೊಳೆ ಇದೆಯೋ ಅವನೇ ಆ ಒಬ್ಬನು. ಬಲ್ಲವರೆಲ್ಲರೂ ಒಂದು ಕಡೆ ಸೇರಿ ಅರಿಯದವನನ್ನು ಇನ್ನೊಂದು ಕಡೆ ಬಿಟ್ಟಾಗ, ಆ ಮೌನಸಮ್ಮತಿಯು ಬಾಯಿಬಿಟ್ಟು ಹೇಳಿದ ಸುಳ್ಳಿಗಿಂತ ಹಗುರವೆಂದು ಹೇಳುವುದು ಕಷ್ಟ.

ವೈದ್ಯರ ಸ್ವಾತಂತ್ರ್ಯದ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ಬರೆದಿಟ್ಟ ಉಪಯೋಗವನ್ನು ಮೀರಿ ಔಷಧ ಸಾಧನಗಳನ್ನು ಬಳಸುವುದು ಅನೇಕ ವೇಳೆ ರೋಗಿಯ ಹಿತಕ್ಕಾಗಿಯೇ ಇರುತ್ತದೆ. ಇದನ್ನು ನಿಷೇಧಿಸಿದರೆ ವೈದ್ಯಶಾಸ್ತ್ರದ ಬೆಳವಣಿಗೆ ನಿಂತೀತು. ಹ್ಯಾರಿಂಗ್ಟನ್ ಅವರೂ ರಾಯ್-ಕಾಮಿಲ್ ಅವರೂ ಹಿಂದೆ ಯಾರೂ ಮಾಡದುದನ್ನೇ ಮಾಡಿದರು. ಆದರೆ ಪ್ರಯೋಗವನ್ನು ಪ್ರಯೋಗವೆಂದು ಕರೆದು ಮಾಡುವುದಕ್ಕೂ, ಅದನ್ನು ನಿತ್ಯದ ಚಿಕಿತ್ಸೆಯೆಂಬಂತೆ ನಡೆಸುವುದಕ್ಕೂ ಇರುವ ಅಂತರ ದೊಡ್ಡದು. ‘ಇದು ಹೊಸದು, ಇದರ ವಿಷಯದಲ್ಲಿ ನಮಗೆ ತಿಳಿದಿರುವುದು ಇಷ್ಟು, ತಿಳಿಯದಿರುವುದು ಇಷ್ಟು’ ಎಂದು ಹೇಳಿದ ವೈದ್ಯನ ಕೈ ಸ್ವತಂತ್ರವಾಗಿಯೇ ಉಳಿಯುತ್ತದೆ. ಅವನ ಸ್ವಾತಂತ್ರ್ಯಕ್ಕೆ ಸತ್ಯವು ಅಡ್ಡಿಯಾಗುವುದಿಲ್ಲ.

ನೊಂದವರ ಪಕ್ಷದಲ್ಲಿಯೂ ವಿವೇಕ ಬೇಕು. ಬೆನ್ನಿನ ಶಸ್ತ್ರಚಿಕಿತ್ಸೆಗೆ ಬರುವವರು ಮೊದಲೇ ನೋವುಳ್ಳವರು. ಚಿಕಿತ್ಸೆಯ ನಂತರವೂ ಉಳಿದ ನೋವೆಲ್ಲವೂ ಮೊಳೆಯಿಂದಲೇ ಬಂದಿತೆಂದು ತಿಳಿಯುವುದು ತಪ್ಪು. ಸಾವಿರಾರು ದಾವೆಗಳಲ್ಲಿ ನ್ಯಾಯವಾದವೂ ಇರಬಹುದು, ಆಶೆಯಿಂದ ಹೂಡಿದವೂ ಇರಬಹುದು. ಇವನ್ನು ಬೇರ್ಪಡಿಸಲಾಗದ ಗೊಂದಲವೂ ಮೊದಲಿನ ಅಸ್ಪಷ್ಟ ಮಾತಿನ ಫಲವೇ. ಆರಂಭದಲ್ಲಿ ಸತ್ಯವನ್ನು ಹೇಳಿ ಲೆಕ್ಕವಿಟ್ಟಿದ್ದರೆ, ನಿರ್ದೋಷಿಗಳಾದ ತಯಾರಕರಿಗೂ ವೈದ್ಯರಿಗೂ ಅದೇ ರಕ್ಷೆಯಾಗುತ್ತಿತ್ತು.

ನಮ್ಮ ದೇಶದಲ್ಲಿ ಈ ವಿಷಯದ ಕಾಯಿದೆ ಇತ್ತೀಚಿನದು. 2017ರ ವೈದ್ಯಕೀಯ ಸಾಧನಗಳ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. ಅಪಾಯದ ಪ್ರಮಾಣವನ್ನು ನೋಡಿ ಸಾಧನಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಲಾಗಿದೆ. ಸಾಧನಗಳಿಂದಾದ ಹಾನಿಯ ವರದಿಗಳನ್ನು ಸಂಗ್ರಹಿಸುವ ಕಾರ್ಯಕ್ರಮವು 2015ರ ಜುಲೈಯಲ್ಲಿ ಆರಂಭವಾಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೋಷಯುಕ್ತ ವಸ್ತುವಿನಿಂದಾದ ಹಾನಿಗೆ ತಯಾರಕನನ್ನು ಹೊಣೆಯಾಗಿಸುತ್ತದೆ. ರೋಗಿಯ ಒಪ್ಪಿಗೆಯು ಸಾಕಷ್ಟು ತಿಳಿವಳಿಕೆಯ ಮೇಲೆ ನಿಂತಿರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣದಲ್ಲಿ ಹೇಳಿದೆ. ಚಿಕಿತ್ಸೆಯ ಸ್ವರೂಪ, ಅದರ ಪ್ರಯೋಜನ, ಮುಖ್ಯ ಅಪಾಯಗಳು, ಬೇರೆ ಮಾರ್ಗಗಳು, ಚಿಕಿತ್ಸೆ ಪಡೆಯದಿದ್ದರೆ ಆಗುವ ಪರಿಣಾಮ ಇವಿಷ್ಟನ್ನೂ ರೋಗಿಗೆ ತಿಳಿಸಬೇಕು. ಆದರೆ ಕಾಯಿದೆಯು ಕೇಳುವವನಿಗೆ ನೆರವಾಗುತ್ತದೆ, ಕೇಳದವನ ಮನೆಬಾಗಿಲಿಗೆ ಬರುವುದಿಲ್ಲ. 2010ರಲ್ಲಿ ಸೊಂಟದ ಕೃತಕ ಕೀಲೊಂದನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದಾಗ, ಅದನ್ನು ಹಾಕಿಸಿಕೊಂಡಿದ್ದ ಭಾರತೀಯರಲ್ಲಿ ಅನೇಕರನ್ನು ಪತ್ತೆಹಚ್ಚುವುದೇ ಅಸಾಧ್ಯವಾಯಿತೆಂಬುದನ್ನು ನಾವು ಮರೆಯಬಾರದು.

ಆದುದರಿಂದ ತಮಗಾಗಲಿ ತಮ್ಮ ಮನೆಯ ಹಿರಿಯರಿಗಾಗಲಿ ಇಂಥ ಸಲಹೆ ಬಂದಾಗ ಸಂಕೋಚಪಡದೆ ಕೇಳಿರಿ. ಈ ಸಾಧನದ ಹೆಸರೇನು, ತಯಾರಕರಾರು? ನನಗೆ ಇರುವ ರೋಗಕ್ಕೇ ಇದಕ್ಕೆ ಅನುಮತಿ ಇದೆಯೇ? ಇದಿಲ್ಲದೆ ಬೇರೆ ಮಾರ್ಗವಿದೆಯೇ? ಎಲುಬು ಬೆಸೆಯದಿದ್ದರೆ ಮುಂದೇನು? ಸಾಧನದ ಪೊಟ್ಟಣದ ಮೇಲಿರುವ ಹೆಸರು, ಮಾದರಿ, ತಯಾರಿಕೆಯ ತಂಡದ ಸಂಖ್ಯೆಗಳುಳ್ಳ ಚೀಟಿಯ ಪ್ರತಿಯನ್ನು ಕೇಳಿ ಪಡೆದು, ಜಮೀನಿನ ಪತ್ರಗಳಂತೆ ಜೋಪಾನವಾಗಿಡಿರಿ. ಹೀಗೆ ಕೇಳುವುದು ವೈದ್ಯರಲ್ಲಿ ಅವಿಶ್ವಾಸವಾಗದು. ಒಳ್ಳೆಯ ವೈದ್ಯನು ಪ್ರಶ್ನೆಯನ್ನು ಸ್ವಾಗತಿಸುತ್ತಾನೆ, ಏಕೆಂದರೆ ಅರಿತ ಒಪ್ಪಿಗೆಯು ಅವನ ಹೊಣೆಯನ್ನೂ ಹಂಚಿಕೊಳ್ಳುತ್ತದೆ. ವೈದ್ಯವೃತ್ತಿಯಲ್ಲಿಯೂ ಔಷಧ ವ್ಯಾಪಾರದಲ್ಲಿಯೂ ಇರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು: ಕಾಯಿದೆಯು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರ ಕೊಡಬೇಕಾದ ಸ್ಥಾನದಲ್ಲಿ ತಾವಿದ್ದೀರಿ.

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಫಲವು ಒಳ್ಳೆಯದಾದರೆ ಅದಕ್ಕಾಗಿ ಸಂತೋಷಪಡೋಣ, ಸಾಧನವನ್ನು ಬಳಸೋಣ, ಅದರಿಂದ ಎದ್ದು ನಡೆದವರನ್ನು ಕಂಡು ಕೃತಜ್ಞರಾಗೋಣ. ಆದರೆ ಆ ಫಲವು ಹಿಂದಕ್ಕೆ ಹೋಗಿ, ಅಂದು ಮಲಗಿದ್ದವನಿಂದ ಬಚ್ಚಿಟ್ಟ ಮಾತನ್ನು ಅವನಿಗೆ ಹೇಳಿಬರಲಾರದು. ಅವನಿಗೆ ಸಲ್ಲಬೇಕಾಗಿದ್ದ ಸತ್ಯವು ಸಲ್ಲದೆ ಉಳಿದ ಸಾಲ. ಮುಂದೆ ಮಲಗುವವರಿಗೆ ಆ ಸತ್ಯವನ್ನು ಮೊದಲೇ ಸಲ್ಲಿಸುವುದೊಂದೇ ಆ ಸಾಲವನ್ನು ತೀರಿಸಲು ನಮಗೆ ಉಳಿದಿರುವ ದಾರಿ.